ಹೆಡರ್ ಬದಲಿಸಿದೆ, ನಾಲ್ಕು ಸಲ ಅಳೆದೆ

ಹೊಸ ಹೆಡರ್ (ಸಿಲಿಂಡರ್‌ಗಳಿಂದ ಹೊಗೆ ಹೊರಗೆ ತರುವ ಪೈಪುಗಳ ಗುಂಪು) ಹಾಕಿ ಮೊದಲ ಸಲ ಡೈನೋ, ಅಂದರೆ ಕಾರಿನ ಶಕ್ತಿ ಅಳೆಯುವ ಯಂತ್ರದ ಮೇಲೆ ಓಡಿಸಿದಾಗ ನನ್ನ ಕಾರು ಮೊದಲಿಗಿಂತ ಮಂದವಾಗಿತ್ತು. ಹಳೇ ಹೆಡರ್ ಇದ್ದಾಗ ಎಂಜಿನ್ 3150 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಬರುವಷ್ಟರಲ್ಲೆಲ್ಲ 10 ಪಿಎಸ್‌ಐ ಬೂಸ್ಟ್, ಅಂದರೆ ಟರ್ಬೊ ಎಂಜಿನ್‌ಗೆ ತುರುಕುವ ಗಾಳಿಯ ಒತ್ತಡ, ಬರುತ್ತಿತ್ತು. ಹೊಸದರಲ್ಲಿ ಅದಕ್ಕೆ 3400 ಬೇಕಾಯಿತು. ದುಡ್ಡು ಕೊಟ್ಟು, ಎರಡು ವೀಕೆಂಡ್ ಕಾರಿನ ಅಡಿಯಲ್ಲೇ ಕಳೆದು, ಸಿಕ್ಕಿದ್ದು ಇದು. ತುಂಬಾ ಬೇಜಾರಾಯಿತು.

ಕಾರು 2004ರ ಸುಬಾರು ಡಬ್ಲ್ಯೂಆರ್‌ಎಕ್ಸ್. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಎರಡು ಲೀಟರ್ ಬಾಕ್ಸರ್ ಎಂಜಿನ್, ಟರ್ಬೊ, ಕಂಪನಿ ಹೇಳುವ ಶಕ್ತಿ 227 ಹಾರ್ಸ್‌ಪವರ್. ಈ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎರಡು ಬಲಕ್ಕೆ, ಎರಡು ಎಡಕ್ಕೆ ಮಲಗಿವೆ. ಹೊಗೆಯ ಬಲದಿಂದ ತಿರುಗುವ ಟರ್ಬೊ ಇರುವುದು ಬಲಗಡೆ, ಹಿಂದೆ. ಹಾಗಾಗಿ ಎಡಗಡೆಯ ಹೊಗೆ ಎಂಜಿನ್ ಅಡಿಯಿಂದ ದಾಟಿ ಬಲಕ್ಕೆ ಬಂದು, ಅಲ್ಲಿಂದ ಟರ್ಬೊಗೆ ಹೋಗುವ ಅಪ್‌ಪೈಪ್‌ನಲ್ಲಿ ಮೇಲೆ ಹತ್ತಬೇಕು. ಎಡದ ದಾರಿ ಉದ್ದ, ಬಲದ್ದು ಗಿಡ್ಡ. ಸಿಲಿಂಡರ್‌ಗಳು ಸಿಡಿಯುವ ಫೈರಿಂಗ್ ಕ್ರಮ 1-3-2-4. ಅಂದರೆ ಬಲಗಡೆಯವೆರಡು (1, 3) ಒಂದರ ಹಿಂದೆ ಒಂದು ಸಿಡಿಯುತ್ತವೆ, ಆಮೇಲೆ ಎಡಗಡೆಯವೆರಡು (2, 4). ದಾರಿಯ ಉದ್ದ ಬೇರೆಯಾದ್ದರಿಂದ ಟರ್ಬೊಗೆ ಹೊಗೆಯ ಬಡಿತಗಳು ಸಮ ಅಂತರದಲ್ಲಿ ತಲುಪುವುದಿಲ್ಲ. ಸುಬಾರುವಿನ ಆ ಗುಡುಗುಡು ಸದ್ದು ಹುಟ್ಟುವುದೇ ಇಲ್ಲಿ. ನಾಲ್ಕೂ ಪೈಪು ಒಂದೇ ಉದ್ದ ಇದ್ದರೆ ಬಡಿತ ಸಮವಾಗಿ ಬೀಳುತ್ತೆ, ಟರ್ಬೊ ಬೇಗ ಏಳುತ್ತೆ ಅನ್ನುವುದು ಲೆಕ್ಕ. ನನ್ನ ಹೊಸ ಹೆಡರ್ ಅಂಥದ್ದು. ಅದು ನಿಜಕ್ಕೂ ಎಷ್ಟು ಅಂತ ನಾನೇ ನೋಡಬೇಕಿತ್ತು.

ಅಪ್‌ಪೈಪ್ ಮುಟ್ಟಲಿಲ್ಲ. ಅಮೆರಿಕದಲ್ಲಿ ಮಾರಿದ ಈ ಮಾಡೆಲ್‌ನ ಅಪ್‌ಪೈಪ್ ಒಳಗೆ ಹೊಗೆ ಶುದ್ಧ ಮಾಡುವ ಒಂದು ಸಣ್ಣ ಕೆಟಲಿಟಿಕ್ ಕನ್ವರ್ಟರ್ ಇದೆ, ಅದನ್ನು ತೆಗೆಯುವುದು ಕಾನೂನಿಗೆ ವಿರುದ್ಧ. ಅದೂ ಅಲ್ಲದೆ ಒಟ್ಟಿಗೆ ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಹೇಳೋಕೇ ಆಗಲ್ಲ.

ಬಿಚ್ಚುವುದೇ ದೊಡ್ಡ ಕೆಲಸ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಪ್ಪತ್ತು ವರ್ಷ ಉಪ್ಪು ತಿಂದ ನಟ್‌ಗೆ ಮೂಲೆಯೇ ಇರುವುದಿಲ್ಲ. ಮೂರು ದಿನ ಮೊದಲಿನಿಂದ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಬಿಚ್ಚುವಾಗ ಒಂದೇ ದಿಕ್ಕಿಗೆ ಬಲ ಹಾಕಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಕಿರ್ರ್ ಅಂತ ಒಣ ಸದ್ದು ಬಂದರೆ ಅಲ್ಲೇ ನಿಲ್ಲಿಸಿ, ಇನ್ನಷ್ಟು ಎಣ್ಣೆ ಹಾಕಿ. ಹೆಡರ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂ. ನಟ್ ಕೂರುವ ಸ್ಟಡ್ ಅದರ ಒಳಗೆ ಮುರಿದರೆ ಹೆಡರ್‌ಗಿಂತ ಜಾಸ್ತಿ ಖರ್ಚು ಅದಕ್ಕೇ ಬರುತ್ತೆ. ನನ್ನ ಕೈಯಲ್ಲಿ ಒಂದೂ ಮುರಿಯಲಿಲ್ಲ, ಆದರೆ ಒಂದು ಸ್ಟಡ್ ನಟ್ ಜೊತೆಗೇ ಹೊರಗೆ ಬಂತು.

ಹಾಗಾದರೆ ಕಾರು ಮಂದವಾಗಿದ್ದು ಯಾಕೆ? ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಅಂತ ಕೇಳುತ್ತಿತ್ತು, ಬಿಸಿಯಾದ ಮೇಲೆ ನಿಂತುಬಿಡುತ್ತಿತ್ತು. ಲೋಹ ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತೆ ಅಂತ ಅನುಮಾನ ಬಂತು. ವ್ಯಾಕ್ಯೂಮ್ ಕ್ಲೀನರ್‌ನ ಪೈಪನ್ನು ಗಾಳಿ ಊದುವ ಕಡೆಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ತುರುಕಿದೆ. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಒಂದೊಂದು ಜೋಡಣೆಗೂ ಸಿಂಪಡಿಸಿದೆ. ಹೆಡರ್ ಮತ್ತು ಅಪ್‌ಪೈಪ್ ಸೇರುವ ಕಡೆ, ಮೇಲಿನ ಬೋಲ್ಟ್ ಪಕ್ಕದಲ್ಲಿ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು. ಟರ್ಬೊಗಿಂತ ಮೊದಲು ಸೋರಿದರೆ ಟರ್ಬೈನ್ ತಿರುಗಿಸಬೇಕಾದ ಒತ್ತಡ ಅಲ್ಲೇ ಪೋಲಾಗುತ್ತೆ. ಸಂದು ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್, ನಾನು ಹಳೇದನ್ನೇ ಮತ್ತೆ ಹಾಕಿದ್ದೆ. ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. ಟಿಕ್ ಟಿಕ್ ಹೋಯಿತು.

ಮೂರನೇ ಸಲ ಅಳೆದದ್ದು ಅಕ್ಟೋಬರ್ ಕೊನೆಯಲ್ಲಿ. 10 ಪಿಎಸ್‌ಐ ಈಗ 2800ಕ್ಕೇ ಬಂತು! ಖುಷಿಯಿಂದ ಮನೆಗೆ ಹೋಗಿ ಲಾಗ್ ತೆರೆದೆ. ಕಾರಿನ ಕಂಪ್ಯೂಟರಿಗೆ ಓಪನ್‌ಪೋರ್ಟ್ ಕೇಬಲ್ ಹಾಕಿ ರೋಮ್‌ರೈಡರ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಸಲವೂ ಬೂಸ್ಟ್, ಇಗ್ನಿಷನ್ ಟೈಮಿಂಗ್, ಒಳಗೆ ಹೋಗುವ ಗಾಳಿಯ ಬಿಸಿ ಎಲ್ಲ ದಾಖಲಿಸುತ್ತೇನೆ. ಹಳೇ ಹೆಡರ್ ಇದ್ದ ಮೊದಲ ಅಳತೆಯ ದಿನ ಹೊರಗೆ 24 ಡಿಗ್ರಿ ಇತ್ತು, ಆ ದಿನ 9. ತಣ್ಣನೆ ಗಾಳಿ ದಟ್ಟ, ಟರ್ಬೊದಿಂದ ಬರುವ ಗಾಳಿ ತಣಿಸುವ ಇಂಟರ್‌ಕೂಲರ್‌ಗೂ ಅನುಕೂಲ. ಈ ಲಾಭದಲ್ಲಿ ಹೆಡರ್‌ನ ಪಾಲೆಷ್ಟು, ಚಳಿಯ ಪಾಲೆಷ್ಟು? ಡೈನೋ ಹವಾಮಾನಕ್ಕೆ ತಿದ್ದಿಕೊಡುವ ಲೆಕ್ಕ ಮುಖ್ಯವಾಗಿ ಟರ್ಬೊ ಇಲ್ಲದ ಎಂಜಿನ್‌ಗಳಿಗೆ ಹೊಂದುವಂಥದ್ದು. ಟರ್ಬೊ ಕಾರಿಗೆ ಅದನ್ನು ಕಣ್ಣುಮುಚ್ಚಿ ನಂಬಬಾರದು.

ಚಳಿಗಾಲ ಪೂರ್ತಿ ಕಾದೆ. ಮೇ ತಿಂಗಳಲ್ಲಿ 23 ಡಿಗ್ರಿ ಇದ್ದ ದಿನ ಅದೇ ಡೈನೋ, ಅದೇ ಬಂಕಿನ 93 ಆಕ್ಟೇನ್ ಪೆಟ್ರೋಲ್, ಅದೇ ಗೇರ್, ಟೈರಿನಲ್ಲಿ ಅಷ್ಟೇ ಗಾಳಿ. ಪ್ರತಿ ಓಟಕ್ಕೂ ಮೊದಲು ಕೂಲೆಂಟ್ ಅಷ್ಟೇ ಬಿಸಿಗೆ ಇಳಿಯುವ ತನಕ ಫ್ಯಾನ್ ಮುಂದೆ ನಿಲ್ಲಿಸಿದೆ. ಮೂರು ಓಟದ ಸರಾಸರಿ 2950. ಹಳೇದರ 3150ಕ್ಕೆ ಹೋಲಿಸಿದರೆ ಹೆಡರ್ ಕೊಟ್ಟದ್ದು 200 ಆರ್‌ಪಿಎಂ. ಚಕ್ರದ ಬಳಿ ಗರಿಷ್ಠ ಶಕ್ತಿ 171ರಿಂದ 175 ಹಾರ್ಸ್‌ಪವರ್‌ಗೆ ಹೋಗಿದೆ. ಆದರೆ ಒಂದೇ ದಿನದ ಓಟಗಳ ನಡುವೆಯೇ ಮೂರರ ವ್ಯತ್ಯಾಸ ಬರುತ್ತಿತ್ತು, ಹಾಗಾಗಿ ಆ ನಾಲ್ಕನ್ನು ನಾನು ಲೆಕ್ಕಕ್ಕೆ ಹಿಡಿಯಲ್ಲ. 200 ಆರ್‌ಪಿಎಂ ಮಾತ್ರ ನಿಜ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಗೆ ಬರುವಾಗ ಅದು ಕಾಲಿಗೇ ಗೊತ್ತಾಗುತ್ತೆ.

ಸದ್ದು ಹೋಯಿತು. ಗುಡುಗುಡು ಇಲ್ಲ, ಒಂದೇ ಸಮನೆ ಗುಂಯ್ ಅನ್ನುತ್ತೆ. ಮೊದಲೆಲ್ಲ ರಸ್ತೆ ತಿರುವಿನಲ್ಲೇ ಕಾರಿನ ಸದ್ದು ಕೇಳಿ ಮಗಳು ಬಾಗಿಲಿಗೆ ಬರುತ್ತಿದ್ದಳು. "ಅಪ್ಪಾ, ನೀನು ಬಂದಿದ್ದೇ ಗೊತ್ತಾಗ್ಲಿಲ್ಲ" ಅಂದಳು ಮೊದಲ ದಿನ. ಅದು ನನಗೂ ಚುರುಕ್ ಅಂದಿತು.

ಹೆಡರ್ ಸದ್ಯ ಕಾರಿನಲ್ಲೇ ಇದೆ. ಬಟ್ಟೆಯ ಹೀಟ್ ರ್‍ಯಾಪ್ ಸುತ್ತಿಲ್ಲ, ಉಪ್ಪು ನೀರು ಅದರಲ್ಲಿ ನಿಂತು ಪೈಪನ್ನೇ ತಿನ್ನುತ್ತೆ. ಹಳೇದಕ್ಕೆ ಎಣ್ಣೆ ಸವರಿ, ಪೇಪರ್ ಸುತ್ತಿ ಗ್ಯಾರೇಜಿನ ಅಟ್ಟದ ಮೇಲಿಟ್ಟಿದ್ದೇನೆ. ಸಾವಿರ ಮೈಲಿ ಓಡಿದ ಮೇಲೆ ಎಂಜಿನ್ ಪೂರ್ತಿ ತಣಿದಾಗ ನಟ್‌ಗಳನ್ನೆಲ್ಲ ಮತ್ತೆ ಟಾರ್ಕ್ ರೆಂಚ್‌ನಿಂದ ನೋಡಿದೆ. ಎಡಗಡೆಯ ಎರಡು ನಟ್‌ಗಳು ಕಾಲು ಸುತ್ತಿನಷ್ಟು ಸಡಿಲವಾಗಿದ್ದವು.