ಒಂದು ಮಳೆಗಾಲ ಸುಮ್ನೆ ಬಿಟ್ಟ ಗೋಡೆ

ಕಳೆದ ಆಗಸ್ಟ್‌ನಲ್ಲಿ ಹತ್ತು ಹನ್ನೊಂದು ದಿನ ಮಳೆ ಬಿಡಲೇ ಇಲ್ಲ. ಬಿಟ್ಟ ಮರುದಿನ ಬೆಳಿಗ್ಗೆ ನಾನು ರಿಪೇರಿ ಮಾಡಿದ ಹಳೆ ನಾಟಕಶಾಲೆಯ ಬೀಗ ತೆಗೆದು ಒಳಗೆ ಹೋಗಿ ಪಡುವಣ ಗೋಡೆಗೆ ಅಂಗೈ ಒತ್ತಿ ನಿಂತೆ. ತಣ್ಣಗಿತ್ತು, ಆದರೆ ಒಣಗಿತ್ತು. ಅಂಗೈಗೆ ಒಂದಿಷ್ಟು ಸುಣ್ಣದ ಪುಡಿ ಹತ್ತಿತು, ಅಷ್ಟೇ. ಅಲ್ಲೇ ಫೋಟೋ ತೆಗೆದು ಮೂರು ಜನರಿಗೆ ಕಳಿಸಿದೆ. "ಕೆಡವಿ ಸ್ಲ್ಯಾಬ್ ಹಾಕಿ" ಅಂದಿದ್ದವರು ಆ ಮೂವರು. ಒಬ್ಬರು ಹೆಬ್ಬೆರಳು ಕಳಿಸಿದರು. ಉಳಿದಿಬ್ಬರಿಂದ ಇವತ್ತಿಗೂ ಉತ್ತರ ಇಲ್ಲ.

ಕಟ್ಟಡ ದಕ್ಷಿಣ ಗೋವಾದಲ್ಲಿದೆ, ಮಡಗಾಂವ್‌ನಿಂದ ಅರ್ಧ ಗಂಟೆ ದಾರಿ. ಪೋರ್ಚುಗೀಸರ ಕಾಲದ್ದು. ಚಿರೆಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹೆಂಚು, ಕೆಳಗೆ 230 ಸೀಟು, ಮೇಲೆ ಪುಟ್ಟ ಬಾಲ್ಕನಿ. ಊರಿನವರು ಅದನ್ನು "ಒಪೇರಾ" ಅಂತಲೇ ಕರೆಯುತ್ತಾರೆ. ಅಲ್ಲಿ ಯಾರಾದರೂ ಒಪೇರಾ ಹಾಡಿದ್ದನ್ನು ಕೇಳಿದವರು ಊರಲ್ಲಿ ಒಬ್ಬರೂ ಇಲ್ಲ. ಆಡಿದ್ದೆಲ್ಲ ತಿಯಾತ್ರ್ ಅನ್ನುವ ಹಾಡು ತುಂಬಿದ ಕೊಂಕಣಿ ನಾಟಕ, ಮರಾಠಿ ಸಂಗೀತ ನಾಟಕ, ಕೊನೆಕೊನೆಗೆ ಸಿನಿಮಾ. ಆದರೂ ಹೆಸರು ಪೂರ್ತಿ ಸುಳ್ಳೇನಲ್ಲ. ತಿಯಾತ್ರ್ ಹುಟ್ಟಿದ್ದು ಮುಂಬೈಯಲ್ಲಿ, 1892ರ ಏಪ್ರಿಲ್ 17ಕ್ಕೆ. ಅದನ್ನು ಶುರು ಮಾಡಿದ ಲುಕಾಸಿನ್ಹೊ ರಿಬೇರೊ ಅದಕ್ಕೆ ಮೊದಲು ಇಟಲಿಯ ಒಪೇರಾ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಹಾಗಾಗಿ ಬೋರ್ಡು ಬದಲಿಸೋಣ ಅಂತ ಕಟ್ಟಡ ನೋಡಿಕೊಳ್ಳುವ ಟ್ರಸ್ಟಿನವರೊಬ್ಬರು ಅಂದಾಗ ನಾನು ಬಿಡಲಿಲ್ಲ.

ನಾನು ಹೊನ್ನಾವರ ಕಡೆಯವನು. ಗೋವಾಕ್ಕೆ ಬಂದು ಇಪ್ಪತ್ತೆಂಟು ವರ್ಷ. ಹಳೆ ಮನೆಗಳ ಮಾಡು (ಹೆಂಚಿನ ಚಾವಣಿ), ಮರದ ಕೆಲಸ ನನ್ನ ಕಸುಬು. ನಾಟಕಶಾಲೆಗೆ ಕೈ ಹಾಕಿದ್ದು ಇದೇ ಮೊದಲು.

ಮೊದಲು ಸೋತ ಕತೆ. 2019ರ ಬೇಸಿಗೆಯಲ್ಲಿ ನಾನೇ ಮೋಸ ಹೋದೆ. ಒಳಗೋಡೆಗೆ ಸಿಮೆಂಟ್ ಗಾರೆ ಇತ್ತು, ಎಪ್ಪತ್ತರ ದಶಕದಲ್ಲಿ ಯಾರೋ ಮೆತ್ತಿದ್ದು. ಮೂರಡಿ ಎತ್ತರದ ತನಕ ಪಾಚಿ. ಡಬ್ಬದಲ್ಲಿ ಬರುವ ವಾಟರ್‌ಪ್ರೂಫ್ ಬಳಿದರೆ ಸಾಕು, ಐದು ವರ್ಷ ಚಿಂತೆ ಇಲ್ಲ ಅಂತ ಅಂಗಡಿಯವನು ಅಂದ. ಬಳಿಸಿದೆ. ಸಾಮಾನು, ಕೂಲಿ ಸೇರಿ ಎರಡು ಮುಕ್ಕಾಲು ಲಕ್ಷ. ಜುಲೈ ಎರಡನೇ ವಾರಕ್ಕೆ ಗೋಡೆ ತುಂಬ ಹಪ್ಪಳದಂಥ ಗುಳ್ಳೆ. ಒಂದನ್ನು ಉಗುರಿನಿಂದ ಒಡೆದರೆ ಒಳಗಿಂದ ಉಪ್ಪುನೀರು ಇಳಿಯಿತು. ಗಾರೆ ಮೇಲೆ ಬೆರಳು ಮಡಚಿ ಬಡಿದೆ. ಎಲ್ಲಿ ಬಡಿದರೂ ಡಬಡಬ. ನಮ್ಮ ಗೌಂಡಿ ಗದಗ ಕಡೆಯವನು, ನನಗಿಂತ ಹತ್ತು ವರ್ಷ ಚಿಕ್ಕವ. ಅವನು ಹಿಂದೆ ನಿಂತು, "ಸಾಹೇಬ್ರ, ಈ ಗೋಡಿಗಿ ಉಸಿರು ಕಟ್ಟೇತಿ. ಬಾಯಿ ಬಿಡಸ್ರಿ ಮೊದ್ಲ" ಅಂದ. ಎರಡು ಮುಕ್ಕಾಲು ಲಕ್ಷ ಕಳೆದುಕೊಂಡ ಮೇಲೆ ಕಲಿತದ್ದು ಇದು: ಸಿಮೆಂಟ್ ಮೆತ್ತಿದರೆ ಕಲ್ಲಿನೊಳಗಿನ ತೇವ ಹೊರಗೆ ಹೋಗುವುದಿಲ್ಲ. ಅವನು ಮಾರ್ಚ್‌ನಲ್ಲೇ ಹೇಳಿದ್ದ. ನಾನು ಕೇಳಿರಲಿಲ್ಲ.

ಆಮೇಲೆ ಕೊರೊನಾ ಬಂತು. ಅದೇ ಹೊತ್ತಿಗೆ ಲೀಸ್‌ಗೆ ಕಟ್ಟಡದ ವಾರಸುದಾರರ ಸಹಿ ಹಾಕಿಸುವ ಕೆಲಸ. ಗೋವಾದ ಆಸ್ತಿ ಕಾನೂನು ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಡ ಸಹಿ ಹಾಕಿದರೆ ಹೆಂಡತಿಯದೂ ಬೇಕು. ಒಟ್ಟು ಹದಿನಾಲ್ಕು ಸಹಿ. ನಾಲ್ಕು ಮುಂಬೈಯಲ್ಲಿ, ಎರಡು ಲಿಸ್ಬನ್‌ನಲ್ಲಿ. ಹದಿನೈದು ವರ್ಷದ ಲೀಸ್ ಕೈಗೆ ಸಿಗುವಾಗ 2021 ಮುಗಿದಿತ್ತು.

ಈ ಮಧ್ಯೆ ಒಬ್ಬ ಎಂಜಿನಿಯರ್ ಬಂದು ನೋಡಿ, ಗೋಡೆ ಸತ್ತಿದೆ, ಮುಂಭಾಗ ಮಾತ್ರ ಉಳಿಸಿ ಹಿಂದೆ ಹೊಸದಾಗಿ ಕಟ್ಟಿ ಅಂತ ಬರೆದುಕೊಟ್ಟರು. ಅಂದಾಜು ಒಂದು ಕೋಟಿ ಎಪ್ಪತ್ತು ಲಕ್ಷ. ಟ್ರಸ್ಟಿನಲ್ಲಿ ಇದ್ದದ್ದು ಇಪ್ಪತ್ತು ಲಕ್ಷ. ಕೆಡವದೆ ಉಳಿಸಲು ಟ್ರಸ್ಟಿನವರ ಮನಸ್ಸು ಗಟ್ಟಿ ಮಾಡೋಣ ಅಂತ ಅವರಲ್ಲಿ ನಾಲ್ವರನ್ನು ಕರೆದುಕೊಂಡು ಮುಂಬೈಗೆ ಹೋದೆ, ರಾಯಲ್ ಒಪೇರಾ ಹೌಸ್ ತೋರಿಸಿದೆ. 1911ರಲ್ಲಿ ಉದ್ಘಾಟನೆಯಾದದ್ದು. 1993ರಲ್ಲಿ ಬಾಗಿಲು ಹಾಕಿ, ಇಪ್ಪತ್ತಮೂರು ವರ್ಷ ಬಿಟ್ಟು 2016ರಲ್ಲಿ ಮತ್ತೆ ತೆರೆಯಿತು. ಕಾದರೂ ಕಟ್ಟಡ ಸಾಯುವುದಿಲ್ಲ ನೋಡಿ ಅಂತ ತೋರಿಸುವುದು ನನ್ನ ಲೆಕ್ಕ. ಅವರು ನೋಡಿದ್ದು ಮಾತ್ರ ತೂಗುದೀಪಗಳನ್ನು. ವಾಪಸ್ ಬರುವ ರೈಲಿನಲ್ಲಿ ರತ್ನಾಗಿರಿ ದಾಟುವ ತನಕ ನಮಗೂ ಒಂದು ತೂಗುದೀಪ ಬೇಕು ಅನ್ನುವುದೇ ಮಾತು. ನಿಮ್ಮ ಟ್ರಸ್ಟಿಗಳನ್ನು ದೊಡ್ಡ ಜಾಗಕ್ಕೆ ಕರೆದುಕೊಂಡು ಹೋಗಬೇಡಿ.

2022ರ ಜನವರಿಯಿಂದ ಮೇ ತನಕ ಎರಡೇ ಕೆಲಸ ಮಾಡಿದೆ. ಒಂದು, ಮಾಡು. ಆರು ಸಾವಿರಕ್ಕೂ ಜಾಸ್ತಿ ಹೆಂಚು ಇಳಿಸಿ, ಬಡಿದು ಸದ್ದು ಕೇಳಿ, ಸರಿ ಇದ್ದದ್ದನ್ನು ಬೇರೆ ಮಾಡಿದೆವು. ಮುಕ್ಕಾಲು ಪಾಲು ಉಳಿಯಿತು. ಅದರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರೆಯವೂ ಇದ್ದವು. ಅಲ್ಲಿ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅವರ ಹೆಂಚು ಇನ್ನೂ ಗಂಟೆ ಹೊಡೆದ ಹಾಗೆ ಠಣ್ ಅನ್ನುತ್ತದೆ. ಮೊನ್ನೆ ಮೊನ್ನೆ ತಂದ ಹೆಂಚು ಅಷ್ಟು ಹೇಳುವುದಿಲ್ಲ. ಹೆಂಚು ಕೂರುವ ರೀಪು ಎಲ್ಲ ಹೊಸದು. ರೀಪಿನ ಕೆಳಗಿನ ಪಕಾಸು ಅರ್ಧ ಹೊಸದು. ಮಾಡು ಹೊರುವ ಮರದ ತ್ರಿಕೋನ ಚೌಕಟ್ಟು, ಅಂದರೆ ಟ್ರಸ್, ಐದರಲ್ಲಿ ಮೂರರ ತುದಿ ಗೋಡೆಯೊಳಗೇ ಕೊಳೆತಿತ್ತು. ಪೂರ್ತಿ ಬದಲಿಸದೆ ಕೊಳೆತ ತುದಿ ಕತ್ತರಿಸಿ ಹಳೆ ಮರವನ್ನೇ ಕೂರಿಸಿದೆ. ಆ ಜೋಡಣೆಯ ಅಳತೆ ಇಲ್ಲಿ ಬರೆಯುವುದಿಲ್ಲ, ಅದೇ ನನ್ನ ಹೊಟ್ಟೆಪಾಡು. ಮಾಡಿನ ಅಂಚನ್ನು ಮಾತ್ರ ಸುತ್ತಲೂ ಒಂದಡಿ ಹೊರಗೆ ಎಳೆದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಜಾಸ್ತಿ ಉಪಕಾರ ಆದದ್ದು ಅದರಿಂದ.

ಎರಡನೇದು, ಒಳಗೂ ಹೊರಗೂ ಸಿಮೆಂಟ್ ಪೂರ್ತಿ ಕಿತ್ತು ಹಾಕಿದ್ದು. ಕೆಲವು ಕಡೆ ಹಲಗೆಯ ಹಾಗೆ ಇಡಿಯಾಗಿ ಕಳಚಿ ಬಿತ್ತು. ಹಿಂದೆ ಬಿಳಿ ಉಪ್ಪು, ಹತ್ತಿಯ ಹಾಗೆ ಎದ್ದು ನಿಂತಿತ್ತು. ಕಲ್ಲಿನೊಳಗೆ ಬೆರಳು ಹಾಕಿದರೆ ಮೊದಲ ಗೆಣ್ಣಿನ ತನಕ ಹೋಗುತ್ತಿತ್ತು. ಅಷ್ಟು ಮೆತ್ತಗೆ. ಗೋಡೆ ಬುಡದ ಸುತ್ತ ಕಾಂಕ್ರೀಟ್ ಪಟ್ಟಿ ಇತ್ತು, ಅದನ್ನೂ ಒಡೆದು ಚರಂಡಿ ತೋಡಿ ಜಲ್ಲಿ ತುಂಬಿದೆವು.

ಆಮೇಲೆ ಕೆಲಸ ನಿಲ್ಲಿಸಿದೆ. ಜಗಳ ಶುರುವಾದದ್ದು ಇಲ್ಲಿಂದ. ಜೂನ್ ಬಂತು, ಗೋಡೆ ಬತ್ತಲೆ, ನಾನು ಗಾರೆ ಹಾಕಲ್ಲ ಅಂತ ಕೂತೆ. ಒಂದು ಮಳೆಗಾಲ ಪೂರ್ತಿ ಹೋಗಲಿ. ನೀರು ಎಲ್ಲಿಂದ ಬರುತ್ತದೋ ತೋರಿಸಲಿ, ಉಪ್ಪು ಎಷ್ಟಿದೆಯೋ ಹೊರಗೆ ಉಗುಳಲಿ. ಟ್ರಸ್ಟಿನ ಖಜಾಂಚಿ ಬಾಬ್ (ಗೋವಾದಲ್ಲಿ ಮರ್ಯಾದೆಗೆ ಹೀಗೆ ಕರೆಯುವುದು) ಅಂತೂ, "ನಿಮ್ಮ ಹತ್ತಿರ ದುಡ್ಡು ಖಾಲಿಯಾಗಿದ್ದರೆ ಹೇಳಿಬಿಡಿ, ಸುಮ್ನೆ ಕತೆ ಬೇಡ" ಅಂದರು. ಪಡುವಣ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿದೆ. ನಮ್ಮ ಊರಲ್ಲೂ ಇಲ್ಲೂ ಅಜ್ಜಂದಿರು ಮಾಡುತ್ತಿದ್ದದ್ದೇ. ಖರ್ಚು ಹದಿನೆಂಟು ಸಾವಿರ. ಮಾರ್ಕೆಟ್‌ನಲ್ಲಿ "ಒಪೇರಾ ಈಗ ದನದ ಕೊಟ್ಟಿಗೆ" ಅಂತ ನಗಾಡಿದರು. ವಾರಕ್ಕೊಮ್ಮೆ ಹೋಗಿ ಒಳಗೋಡೆಯ ಉಪ್ಪನ್ನು ಒಣ ಹಿಡಿಸೂಡಿಯಲ್ಲಿ ಗುಡಿಸಿ ತೂಕ ಹಾಕುತ್ತಿದ್ದೆ. ಮೊದಲ ತಿಂಗಳು ವಾರಕ್ಕೆ ಎರಡು ಎರಡೂವರೆ ಕೆಜಿ. ಅಕ್ಟೋಬರ್‌ಗೆ ಒಂದು ಹಿಡಿ. ನೀರು ಹಾಕಿ ತೊಳೆಯಬಾರದು. ತೊಳೆದರೆ ಅಷ್ಟೂ ಉಪ್ಪು ವಾಪಸ್ ಕಲ್ಲಿಗೇ.

ಮಳೆ ನಿಂತ ಮೇಲೂ ಎರಡು ತಿಂಗಳು ಒಣಗಲು ಬಿಟ್ಟೆ. ಖಾಲಿ ಬಿಟ್ಟರೆ ಟ್ರಸ್ಟಿಗಳು ಸುಮ್ಮನಿರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಬತ್ತಲೆ ಗೋಡೆ ನಡುವೆಯೇ ಒಂದು ತಾಳಮದ್ದಲೆ ಇಡಿಸಿದೆ. ವೇಷ ಬೇಡ, ಪರದೆ ಬೇಡ, ಲೈಟು ಬೇಡ. ಒಂದು ಚಾಪೆ, ಭಾಗವತರು, ಮದ್ದಲೆ, ಮಾತು. ಮಾತು ಹಿಂದಿನ ಸಾಲಿಗೆ ಮುಟ್ಟುತ್ತದೋ ಇಲ್ಲವೋ ನೋಡಲು ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ವಾಸ್ಕೊ, ಮಡಗಾಂವ್ ಕಡೆಯ ನಮ್ಮ ಕನ್ನಡದವರು ನೂರ ನಲ್ವತ್ತು ಜನ ಬಂದರು. ಊರಿನ ಮರಾಠಿ ನಾಟಕದವರೂ ಕುತೂಹಲಕ್ಕೆ ಬಂದು ಕೂತರು. ನಮ್ಮ ಕಡೆಯ ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಡಿದ್ದನ್ನು ನೋಡಿಯೇ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಕಟ್ಟಿದ್ದು ಅಂತ ಅವರಿಗೆ ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮುಂದಿನ ತಿಂಗಳಿಗೆ ಎರಡು ದಿನ ಬುಕ್ ಮಾಡಿ ಹೋದರು, ಅದು ಮುಖ್ಯ.

ಎಂಟನೇ ಸಾಲಿನ ತನಕ ಪಾತ್ರದ ಮಾತಾಡುವ ಅರ್ಥಧಾರಿಯ ಒಂದೊಂದು ಅಕ್ಷರವೂ ಕೇಳಿತು. ಅಲ್ಲಿಂದ ಹಿಂದೆ ಮಾತು ಕಲಸಿಹೋಯಿತು. ಹಿಂಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಇದರ ಹಿಂದೆ ಬಿದ್ದು ನಾನು ಮಾಡಿದ ಪ್ರಯೋಗಗಳನ್ನು ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ. ಮೊದಲು ಮೊಟ್ಟೆ ಟ್ರೇ. ಏನೂ ಆಗಲಿಲ್ಲ, ಮೇಲಿಂದ ಬೆಂಕಿಯ ಭಯ. ಆಮೇಲೆ ಮಣ್ಣಿನ ಮಡಕೆ. ಹಳೆ ಕಾಲದಲ್ಲಿ ಗೋಡೆಯೊಳಗೆ ಮಡಕೆ ಇಡುತ್ತಿದ್ದರು ಅಂತ ಓದಿದ್ದೆ. ಇಪ್ಪತ್ತು ಮಡಕೆ ತಂದು ಸಾಲಾಗಿ ಇಟ್ಟು ಚಪ್ಪಾಳೆ ಹೊಡೆದೆ. ನನಗೇನೋ ವ್ಯತ್ಯಾಸ ಕೇಳಿದ ಹಾಗಾಯಿತು. ಬೇರೆ ಯಾರಿಗೂ ಕೇಳಲಿಲ್ಲ. ಮಡಕೆಗಳಲ್ಲಿ ಈಗ ಮನೆಯಲ್ಲಿ ಒಂದೆಲಗ ಬೆಳೆಯುತ್ತಿದೆ. ಮೂರನೇದು ಗೋಣಿಚೀಲ. ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ಅದ್ದಿ ಒಣಗಿಸಿ ತೂಗುಹಾಕಿದೆ. ಬೆಂಕಿ ಹಿಡಿಯಲಿಲ್ಲ, ಕಡ್ಡಿ ಗೀರಿ ನೋಡಿದ್ದೇನೆ. ಸದ್ದೂ ಇಳಿಯಿತು. ಆದರೆ ಹಿಂದೆ ಇಲಿ ಸಂಸಾರ ಹೂಡಿತು. ಕೊನೆಗೆ ನಿಂತದ್ದು ಇದು: ಹಿಂಗೋಡೆಗೆ ಗಾರೆಯೇ ಇಲ್ಲ, ಚಿರೆಕಲ್ಲು ಹಾಗೇ. ಅದರಿಂದ ಮೂರು ಇಂಚು ಬಿಟ್ಟು ನಾರಿನ ಚಾಪೆ, ಅದಕ್ಕೂ ಬೊರಾಕ್ಸ್ ನೀರೇ. ಮುಂದೆ ಹಳೆ ರೀಪಿನ ಪಟ್ಟಿಗಳು, ಕೆಳಗೆ ಇಲಿಗೆ ಜಾಲರಿ. ಪಟ್ಟಿಗಳ ನಡುವಿನ ಸಂದು ಒಂದೇ ಸಮ ಇರಬಾರದು. ಎಷ್ಟೆಷ್ಟು ಅನ್ನುವುದನ್ನು ಬಂದು ನೋಡಿಕೊಂಡು ಹೋಗಿ.

ಸುಣ್ಣದ ಗಾರೆ ಜನವರಿಯಲ್ಲಿ ಶುರು. ಚಿಪ್ಪಿನ ಸುಣ್ಣವನ್ನು ಗುಂಡಿಯಲ್ಲಿ ಕೊಳೆಹಾಕಿ ನಾಲ್ಕು ತಿಂಗಳಾಗಿತ್ತು. ಬೆಲ್ಲ, ಅಳಲೆಕಾಯಿ ನೀರು ಎಲ್ಲರೂ ಹಾಕುವುದೇ. ನಾವು ಹಾಕುವ ಇನ್ನೊಂದು ಸಾಮಾನು ಗೌಂಡಿಯ ಅಪ್ಪನದು, ಅವನಿಗೆ ಮಾತು ಕೊಟ್ಟಿದ್ದೇನೆ, ಹೇಳುವ ಹಾಗಿಲ್ಲ. ಇಲ್ಲೂ ಒಂದು ಪೆಟ್ಟು ತಿಂದೆವು. ಮಾರ್ಚ್‌ನಲ್ಲಿ ಮದುವೆಯೊಂದಕ್ಕೆ ನಾನು ಊರಿಗೆ ಹೋಗಿದ್ದೆ. ಹುಡುಗರು ಗಾಳಿ ಬರಲಿ ಅಂತ ತೆಂಕಣ ಬಾಗಿಲು ತೆರೆದಿಟ್ಟರು, ಒದ್ದೆ ಗೋಣಿ ಕಟ್ಟಲಿಲ್ಲ. ನಾನ್ನೂರು ಚದರಡಿ ಗಾರೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಕೆತ್ತಿ ಮತ್ತೆ ಹಾಕಿದೆವು. ಒಂದೂವರೆ ಲಕ್ಷ ಅದಕ್ಕೆ.

ಕಿಟಕಿಗಳದ್ದು ಬೇರೆಯೇ ಕತೆ. ಹನ್ನೊಂದು ಕಿಟಕಿ, ಗಾಜಿನ ಬದಲು ಚಿಪ್ಪು. ತೆಳ್ಳಗಿನ ಮರದ ಪಟ್ಟಿಗಳ ತೋಡಿನಲ್ಲಿ ಒಂದರ ಮೇಲೊಂದು ಸರಿಸಿ ಕೂರಿಸಿದ್ದು. ಒಂದು ಪಟ್ಟಿ ತೆಗೆದು, ಒಡೆದ ಚಿಪ್ಪನ್ನು ಎಳೆದು, ಹೊಸದರ ಅಂಚನ್ನು ಕತ್ತರಿಯಿಂದ ಚೌಕಾಗಿ ಕತ್ತರಿಸಿ ಒಳಗೆ ಜಾರಿಸಬೇಕು. ಒತ್ತಿದರೆ ಅಪ್ಪಚ್ಚಿಯ ಹಾಗೆ ಪದರು ಪದರಾಗಿ ಬಿಡುತ್ತದೆ. ಮೊದಲ ದಿನ ಹತ್ತರಲ್ಲಿ ಆರು ಹಾಳಾದವು. ಚಿಪ್ಪು ಸಿಕ್ಕಿದ್ದು ಕೆಡವುತ್ತಿದ್ದ ಹಳೆ ಮನೆಗಳಿಂದ. ಮಧ್ಯಾಹ್ನ ಮೂರರ ಹೊತ್ತಿಗೆ ಬಾಲ್ಕನಿಯಲ್ಲಿ ಕೂತರೆ ಮಜ್ಜಿಗೆ ಬಣ್ಣದ ಬೆಳಕು. ಮ್ಯಾಟಿನಿ ನಾಟಕದವರು ಅದಕ್ಕೇ ನನ್ನನ್ನು ಬೈಯುತ್ತಾರೆ, ಸ್ಟೇಜ್ ಲೈಟು ಕಾಣಲ್ಲ ಅಂತ. ಕಪ್ಪು ಪರದೆ ಹಾಕಿಸಿದೆ.

ದುಡ್ಡು. ನೆನಪಿನಿಂದ ಹೇಳುತ್ತೇನೆ, ಪುಸ್ತಕ ಖಜಾಂಚಿ ಹತ್ತಿರ ಇದೆ. ಮಾಡಿಗೆ 19 ಲಕ್ಷ, ಟ್ರಸ್, ಸ್ಟೇಜು ಸೇರಿ ಮರದ ಕೆಲಸಕ್ಕೆ 11, ಸುಣ್ಣಕ್ಕೆ 9, ಕರೆಂಟಿಗೆ 8.5, ಮುಚ್ಚಿದ ಸಿನಿಮಾ ಟಾಕೀಸಿನಿಂದ ತಂದ ಸೀಟು ರಿಪೇರಿ ಸೇರಿ 5, ಶೌಚಾಲಯಕ್ಕೆ 5, ಚರಂಡಿಗೆ 2. ನನ್ನ ತಪ್ಪುಗಳಿಗೆ ನಾಲ್ಕೂಕಾಲು. ಒಟ್ಟು 63-64 ಲಕ್ಷ. ಒಂದು ಕೋಟಿ ಎಪ್ಪತ್ತು ಎಲ್ಲಿ, ಇದೆಲ್ಲಿ! ಟ್ರಸ್ಟಿನದು 20, ವಾರಸುದಾರರು ಕೊಟ್ಟದ್ದು 10, ಸೊಸೈಟಿ ಸಾಲ 15, ನಾಟಕದವರ ಅಡ್ವಾನ್ಸ್ 3. ಸೀಟಿಗೆ ಐದು ಸಾವಿರದ ಹಾಗೆ ಊರಿನವರಿಂದ ಹನ್ನೊಂದು ಚಿಲ್ಲರೆ. ಹೆಸರಿನ ತಗಡು ಬೆನ್ನಿಗೆ ಹೊಡೆಯಿರಿ ಅಂತ ಎಲ್ಲರೂ ಕೇಳಿದರು. ನಾನು ಸೀಟಿನ ಅಡಿಗೆ ಹೊಡೆದೆ, ಮಡಚಿದಾಗ ಮಾತ್ರ ಕಾಣುತ್ತದೆ. ಈಗ ಜನ ಬಂದವರೇ ಸೀಟು ಎತ್ತಿ ಎತ್ತಿ ಅಜ್ಜನ ಹೆಸರು ಹುಡುಕುತ್ತಾರೆ, ಶೋ ಹತ್ತು ನಿಮಿಷ ತಡ. ಉಳಿದ ನಾಲ್ಕು ಲಕ್ಷ ಚಿಲ್ಲರೆ ನನ್ನ ಕೂಲಿ, ಅದು ಇನ್ನೂ ಬರಬೇಕು.

ಬಾಡಿಗೆ ದಿನಕ್ಕೆ ನಾಲ್ಕು ಸಾವಿರ, ಶಾಲೆ ಮಕ್ಕಳಿಗೆ ಒಂದು ಸಾವಿರ. ತಿಂಗಳಿಗೆ ಹದಿಮೂರು ಹದಿನಾಲ್ಕು ದಿನ ತುಂಬುತ್ತದೆ, ಮಳೆಗಾಲದಲ್ಲಿ ಆರು. ಸೊಸೈಟಿ ಕಂತು ಕಟ್ಟಿ ಕಾವಲುಗಾರನ ಸಂಬಳಕ್ಕೆ ಸಾಕು. ಕರೆಂಟ್ ಬಿಲ್ ಬಂದ ತಿಂಗಳು ಖಜಾಂಚಿ ಬಾಬ್ ಫೋನ್ ಮಾಡುತ್ತಾರೆ. ತೂಗುದೀಪದ ಮಾತು ಈಗ ಎತ್ತುವುದಿಲ್ಲ.

ಗ್ರೀನ್ ರೂಮಿನ ಗೋಡೆ ಮಾತ್ರ ಬಾಕಿ. ಸಿಮೆಂಟ್ ಕಿತ್ತಾಗಿದೆ, ತಟ್ಟಿಗೆ ಮಡಲು ಹೇಳಿದ್ದೇನೆ. ಈ ಸಲ ಮಡಲು ಕೊಡುವವರು ಖಜಾಂಚಿ ಬಾಬ್ ಅವರೇ, ಅವರದೇ ತೋಟದ್ದು. ದುಡ್ಡು ತಗೊಳ್ಳಲ್ಲವಂತೆ.