ಕ್ಯಾಂಪಿಂಗ್ ಟ್ರೈಲರಿನ ಸೋರಿಕೆ: ಮೇ ತಿಂಗಳಲ್ಲೇ ಮುಗಿಸುವ ಕೆಲಸ

ಬಳ್ಳಾರಿ, ಕೊಪ್ಪಳದ ಕಡೆ ಕಾರಿನ ಹಿಂದೆ ಎಳೆದೊಯ್ಯುವ, ಒಳಗೆ ಮಲಗಬಹುದಾದ ಟ್ರೈಲರ್ ಇಟ್ಟುಕೊಂಡವರು ಸೋರಿಕೆಯ ಮಾತೆತ್ತುವುದು ಉತ್ತರೆ, ಹಸ್ತ ಮಳೆ ಹಿಡಿದ ಮೇಲೆ. ಅಷ್ಟೊತ್ತಿಗೆ ಹಾಸಿಗೆ ನೆನೆದು, ಪ್ಲೈವುಡ್ ಉಬ್ಬಿ, ನೀರು ಗೋಡೆಯೊಳಗೆ ಎಲ್ಲೆಲ್ಲಿ ಹರಿದಿದೆ ಎಂದು ತಿಳಿಯದಂತಾಗಿರುತ್ತದೆ. ನಾನು ಈ ಕೆಲಸಕ್ಕೆ ಕೈಹಾಕುವುದು ಮೇ ಎರಡನೇ ವಾರದಲ್ಲಿ, ರೋಹಿಣಿ ಮಳೆಗೆ ಮುಂಚೆ. ನಮ್ಮಲ್ಲಿ ಸಂದು ಬಿಡಿಸುವುದು ಬಿಸಿಲು. ಬಿಟ್ಟ ಸಂದನ್ನು ಮಳೆ ತೋರಿಸಿಕೊಡುತ್ತದೆ, ಅಷ್ಟೆ.

ಲೆಕ್ಕ ಹಾಕಿದರೆ ಇದು ಕಾಣುತ್ತದೆ. ನನ್ನ ಟ್ರೈಲರ್ 14 ಅಡಿ, ಸುಮಾರು 4.3 ಮೀಟರ್. ಕಬ್ಬಿಣದ ಚೌಕ ಪೈಪಿನ ಚೌಕಟ್ಟು, ಹೊರಗೆ ಅಲ್ಯುಮಿನಿಯಂ ತಗಡು, ಒಳಗೆ ಪ್ಲೈವುಡ್. ಅಲ್ಯುಮಿನಿಯಂ ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ 0.023 ಮಿ.ಮೀ ಹಿಗ್ಗುತ್ತದೆ, ಕಬ್ಬಿಣ ಅದರ ಅರ್ಧದಷ್ಟು, 0.012. ಬೆಳಗಿನ ಜಾವ 25 ಡಿಗ್ರಿ ಇದ್ದ ತಗಡು ಮಧ್ಯಾಹ್ನ 65 ಮುಟ್ಟಿತೆಂದರೆ ಚಾವಣಿ 4 ಮಿ.ಮೀ ಹತ್ತಿರ ಉದ್ದವಾಗುತ್ತದೆ, ಚೌಕಟ್ಟು 2 ಮಿ.ಮೀ ಮಾತ್ರ. ನೆರಳಲ್ಲಿರುವ ಚೌಕಟ್ಟು ಅಷ್ಟೂ ಕಾಯುವುದಿಲ್ಲ, ಹಾಗಾಗಿ ವ್ಯತ್ಯಾಸ ಇನ್ನೂ ಹೆಚ್ಚು. ಮಾರ್ಚಿನಿಂದ ಮೇವರೆಗೆ ದಿನಾ ಈ ಎಳೆದಾಟ ನಡೆದರೆ ಸ್ಕ್ರೂ ಸುತ್ತಲ ಸೀಲೆಂಟ್, ಅಂದರೆ ಸಂದು ಮುಚ್ಚುವ ಅಂಟು, ಮೊದಲು ಗಡುಸಾಗುತ್ತದೆ, ಆಮೇಲೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಮೊದಲ ಸುಳಿವು ಧೂಳಿನಿಂದಲೇ ಸಿಗುತ್ತದೆ. ಸಂಡೂರಿನ ಕಡೆ ಒಂದು ಸಲ ಓಡಾಡಿಸಿದ ಗಾಡಿಯ ಕಿಟಕಿ ಚೌಕಟ್ಟಿನ ಒಳಗಡೆ, ಕಪಾಟಿನ ಮೂಲೆಯಲ್ಲಿ, ಚಾವಣಿ ಗೋಡೆ ಸೇರುವ ಪಟ್ಟಿಯ ಕೆಳಗೆ ಟಾರ್ಚನ್ನು ಗೋಡೆಗೆ ಒರಗಿಸಿ ಓರೆಯಾಗಿ ಬೆಳಕು ಬಿಡಿ. ಅದಿರಿನ ಕೆಂಪು ಧೂಳು ಎಲ್ಲಿ ಸಣ್ಣ ಗೆರೆಯಾಗಿ ಕೂತಿದೆಯೋ ಅಲ್ಲಿ ಗಾಳಿ ನುಗ್ಗಿದೆ. ಗಾಳಿ ನುಗ್ಗಿದ ಜಾಗದಲ್ಲಿ ನೀರಿಗೂ ದಾರಿ ಇದ್ದೇ ಇರುತ್ತದೆ. ನನಗೆ ಅರ್ಧದಷ್ಟು ಸೋರಿಕೆ ಹೀಗೇ ಸಿಕ್ಕಿವೆ, ಒಂದು ಹನಿ ನೀರು ಬಿಡದೆ.

ಆಮೇಲೆ ಕೈ ಬೆರಳಿನ ಗೆಣ್ಣಿನಿಂದ ಗೋಡೆಯನ್ನು ಒಂದು ಅಡಿಗೊಮ್ಮೆ ತಟ್ಟುತ್ತೇನೆ. ಒಣ ಪ್ಲೈವುಡ್ ಟಣ್ ಎನ್ನುತ್ತದೆ, ನೆನೆದದ್ದು ಮೆತ್ತಗೆ ದಪ್ ಎನ್ನುತ್ತದೆ. ಅನುಮಾನ ಬಂದಲ್ಲಿ ದಬ್ಬಣದ ಮೊನೆ ಒತ್ತಿದರೆ ಸಾಕು; ಸಲೀಸಾಗಿ ಇಳಿದರೆ ಒಳಗಡೆ ಕೊಳೆತಿದೆ. ಎರಡು ಸೂಜಿಯ ತೇವಾಂಶ ಮೀಟರ್ ಇದ್ದರೆ ಒಳ್ಳೆಯದು. ನಮ್ಮ ಬೇಸಿಗೆಯಲ್ಲಿ ಒಣ ಮರ 10 ಶೇಕಡಾ ಆಸುಪಾಸು ತೋರಿಸುತ್ತದೆ. 20 ದಾಟಿದರೆ ಆ ಹಲಗೆ ಬಿಚ್ಚಲೇಬೇಕು. ಸೂಜಿ ಸ್ಕ್ರೂಗೋ ಹಲಗೆಯ ಹಿಂದಿನ ಲೋಹದ ಫಾಯಿಲಿಗೋ ತಾಗಿದರೆ ಸುಳ್ಳು ಲೆಕ್ಕ ಬರುತ್ತದೆ, ಅದಕ್ಕೇ ಒಂದೇ ಜಾಗದಲ್ಲಿ ಮೂರು ಕಡೆ ಚುಚ್ಚಿ ನೋಡುತ್ತೇನೆ.

ನೀರಿನ ಪರೀಕ್ಷೆಗೆ ಇಬ್ಬರು ಬೇಕು, ಒಬ್ಬರು ಹೊರಗೆ ಪೈಪ್ ಹಿಡಿದು, ಒಬ್ಬರು ಒಳಗೆ ಟಾರ್ಚ್ ಹಿಡಿದು. ಹೊರಗಿನ ಕರೆಂಟ್ ಸಂಪರ್ಕ ಮೊದಲು ತೆಗೆದಿಡಬೇಕು. ಒಳಗೋಡೆಯ ಮೇಲೆ ಶಾಲೆಯ ಬಳಪವನ್ನು ಅಡ್ಡಪಟ್ಟಿಯಾಗಿ ಉಜ್ಜಿಡುತ್ತೇನೆ. ನೀರಿನ ಒಂದೇ ಎಳೆ ಇಳಿದರೂ ಬಿಳಿಯ ಮೇಲೆ ಕಪ್ಪಗೆ ಗೆರೆ ಮೂಡುತ್ತದೆ, ಆ ಗೆರೆ ಹಿಡಿದು ಮೇಲಕ್ಕೆ ಹೋಗಬಹುದು. ಪೈಪಿಗೆ ನಾಜಲ್ ಬೇಡ, ನೀರು ಮಳೆಯಂತೆ ಇಳಿದರೆ ಸಾಕು. ಗಾಡಿ ತೊಳೆಯುವ ಪ್ರೆಶರ್ ಪಂಪನ್ನಂತೂ ಹತ್ತಿರ ತರಬೇಡಿ. ಅದು ಮಳೆಗೆ ಎಂದೂ ಸೋರದ ರಬ್ಬರ್ ಪಟ್ಟಿಯ ಅಡಿಗೂ ನೀರು ತೂರಿಸಿ, ಇಲ್ಲದ ಸೋರಿಕೆಯನ್ನು ಹುಟ್ಟಿಸುತ್ತದೆ.

ಶುರು ಮಾಡಬೇಕಾದದ್ದು ಕೆಳಗಿನಿಂದ. ಮೊದಲು ಕಿಟಕಿಯ ಕೆಳಗಿನ ಅಂಚು, ಹತ್ತು ನಿಮಿಷ. ಆಮೇಲೆ ಒಂದೊಂದೇ ಅಡಿ ಮೇಲೆ: ಕಿಟಕಿಯ ಪಕ್ಕಗಳು, ತಲೆ, ಅಂಚಿನ ಚಿಕ್ಕ ದೀಪಗಳು, ಚಾವಣಿ ಗೋಡೆ ಸೇರುವ ಪಟ್ಟಿ, ಕೊನೆಗೆ ಮೇಲಿನ ಗಾಳಿಕಿಂಡಿ ಮತ್ತು ಸೋಲಾರ್ ವೈರ್ ಇಳಿಯುವ ತೂತು. ಮೇಲಿಂದ ಬಿಟ್ಟರೆ ಇಡೀ ಪಕ್ಕವೇ ನೆನೆದು ಯಾವ ಸಂದು ತಪ್ಪಿತಸ್ಥ ಎಂದು ಗೊತ್ತಾಗುವುದಿಲ್ಲ. ಮಣ್ಣಿನ ಮಾಳಿಗೆಯಡಿ ಬೆಳೆದವರಿಗೆ ಗೊತ್ತು, ತೊಟ್ಟಿಕ್ಕುವ ಜಾಗ ಒಂದು, ತೂತು ಇನ್ನೊಂದು. ಟ್ರೈಲರಿನಲ್ಲೂ ಮುಂದಿನ ಮೂಲೆಯಲ್ಲಿ ನುಗ್ಗಿದ ನೀರು ಚೌಕಟ್ಟಿನ ಪೈಪ್ ಹಿಡಿದು ಹಿಂದಿನ ಹಾಸಿಗೆಯ ಮೇಲೆ ಬೀಳುತ್ತದೆ. ಮುಂದಿನ ಗಾಲಿಯ ಜಾಕನ್ನು ಒಮ್ಮೆ ಏರಿಸಿ, ಒಮ್ಮೆ ಇಳಿಸಿ ಎರಡು ಸಲ ನೋಡಬೇಕು. ಗಾಡಿ ಒಂದು ಕಡೆ ವಾಲಿದಾಗ ಮಾತ್ರ ನೀರು ನಿಲ್ಲುವ ಜಾಗಗಳು ಇರುತ್ತವೆ.

ಹೆಚ್ಚಿನವರು ಮರೆಯುವುದು ಚಕ್ರದ ಮೇಲಿನ ಗುಮ್ಮಟ. ನಿಂತ ಗಾಡಿಗೆ ಎಷ್ಟು ನೀರು ಸುರಿದರೂ ಅಲ್ಲಿ ಏನೂ ಆಗುವುದಿಲ್ಲ. ಮಳೆಯಲ್ಲಿ ಓಡುವಾಗ ಟೈರು ಎರಚುವ ಕೆಸರು ನೀರು ನೆಲದ ಪ್ಲೈವುಡ್ಡಿನ ಅಂಚಿಗೆ ಬಡಿಯುತ್ತದೆ. ಗಾಡಿಯಡಿ ಮಲಗಿ ಕೆಳಗಿನಿಂದ ಮೇಲಕ್ಕೆ ಪೈಪ್ ಹಿಡಿದು ಇದನ್ನು ಬೇರೆಯಾಗಿ ನೋಡುತ್ತೇನೆ.

ಇಷ್ಟಕ್ಕೂ ಸಿಗದ ಸೋರಿಕೆಗೆ ಗಾಳಿ ತುಂಬುವ ಉಪಾಯ ಇದೆ. ಒಂದು ಕಿಟಕಿಗೆ ಥರ್ಮೋಕೋಲ್ ಹಲಗೆ ಕೂರಿಸಿ, ಅದರಲ್ಲಿ ತೂತು ಕೊರೆದು, ಧೂಳು ಊದುವ ಬ್ಲೋವರನ್ನು ಒಳಮುಖವಾಗಿ ಇಟ್ಟು ಸುತ್ತ ಟೇಪ್ ಹಚ್ಚುತ್ತೇನೆ. ಉಳಿದ ಕಿಂಡಿಗಳಿಗೂ ಟೇಪ್. ನಿಧಾನದ ವೇಗ ಸಾಕು. ಎರಡು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ ಹೊರಗಿನ ಸಂದುಗಳಿಗೆ ಸ್ಪ್ರೇ ಮಾಡಿದರೆ ಬಿರುಕು ಇದ್ದಲ್ಲಿ ಗುಳ್ಳೆ ಎದ್ದು ಕೂರುತ್ತದೆ. ಇದನ್ನು ಬೆಳಿಗ್ಗೆ ಏಳರೊಳಗೆ ಮುಗಿಸಬೇಕು, ತಗಡು ಕಾದರೆ ಸೋಪಿನ ನೀರು ಹಚ್ಚುತ್ತಲೇ ಆರುತ್ತದೆ. ಗ್ಯಾಸ್ ಸಿಲಿಂಡರ್ ಇಡುವ ಜಾಗದ ನೆಲದ ಕಿಂಡಿಗೆ ಹಚ್ಚಿದ ಟೇಪನ್ನು ಪರೀಕ್ಷೆ ಮುಗಿದ ಕೂಡಲೇ ಕೀಳಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ, ಹೊರಹೋಗಲು ಅದಕ್ಕಿರುವ ದಾರಿ ಅದೊಂದೇ. ಸೋರಿಕೆ ನಿಲ್ಲಿಸುವ ಹುರುಪಿನಲ್ಲಿ ಆ ಕಿಂಡಿಯನ್ನು ಸೀಲೆಂಟಿನಿಂದ ಮುಚ್ಚಿದ ಗಾಡಿಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಈಗ ರಿಪೇರಿ. ಚಾವಣಿಯ ಗಾಳಿಕಿಂಡಿ ಒಂದನ್ನು ಸರಿಯಾಗಿ ಕೂರಿಸಲು ಬಂದರೆ ಉಳಿದದ್ದೆಲ್ಲ ಅದೇ ರೀತಿ. ಹಳೆಯದರ ಮೇಲೆ ಹೊಸ ಸಿಲಿಕೋನ್ ಬಳಿಯುವುದು ಕೆಲಸವೇ ಅಲ್ಲ. ಹಳೆ ಸಿಲಿಕೋನಿನ ಮೇಲೆ ಬಣ್ಣವಾಗಲಿ, ಬೇರೆ ಸೀಲೆಂಟಾಗಲಿ, ಹೊಸ ಸಿಲಿಕೋನೇ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಎರಡು ಬಣ್ಣದ ಎಪಾಕ್ಸಿ ಮುದ್ದೆ ಕಲ್ಲಿನಂತಾಗುತ್ತದೆ, ತಗಡಿನ ಜೊತೆ ಹಿಗ್ಗದೆ ಸೀಳುತ್ತದೆ. ಡಾಂಬರು ಶೀಟ್ ನಮ್ಮ ಬಿಸಿಲಿಗೆ ಮೆತ್ತಗಾಗಿ ಜಾರುತ್ತದೆ.

ಸ್ಕ್ರೂ ಬಿಚ್ಚಿ ಚೌಕಟ್ಟನ್ನು ಪೂರ್ತಿ ಎತ್ತಬೇಕು. ಮಧ್ಯಾಹ್ನದ ಬಿಸಿಗೆ ಹಳೆಯ ಸೀಲೆಂಟ್ ಮೆತ್ತಗಿರುವಾಗ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದರೆ ಸುಲಭವಾಗಿ ಏಳುತ್ತದೆ. ಕಬ್ಬಿಣದ ಉಳಿ ತಗಡಿಗೆ ಗೀರು ಹಾಕುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆಯ ಚೂರು ಬಟ್ಟೆಗೆ ಬರವಿಲ್ಲ, ಉಜ್ಜಲು ಅದಕ್ಕಿಂತ ಒರಟಾದ, ಗಟ್ಟಿಯಾದ ಬಟ್ಟೆ ಬೇಕಿಲ್ಲ. ಮೊದಲು ಸೀಮೆಎಣ್ಣೆ, ಕೊನೆಗೆ ಸ್ಪಿರಿಟ್. ಸೀಮೆಎಣ್ಣೆಗೇ ನಿಲ್ಲಿಸಿದರೆ ಉಳಿಯುವ ಎಣ್ಣೆ ಪಸೆಯ ಮೇಲೆ ಏನೂ ಅಂಟುವುದಿಲ್ಲ.

ತೆರೆದ ಮರವನ್ನು ನಾಲ್ಕೈದು ದಿನ ಗಾಳಿಗೆ ಬಿಟ್ಟು ಮೀಟರ್ 12ರ ಕೆಳಗೆ ಬರುವವರೆಗೆ ಕಾಯುತ್ತೇನೆ. ಒದ್ದೆ ಮರವನ್ನು ಒಳಗಿಟ್ಟು ಮುಚ್ಚಿದರೆ ಮುಂದಿನ ವರ್ಷಕ್ಕೆ ಅದು ಪುಡಿ. ಕೊಳೆತ ತುಂಡು ಕತ್ತರಿಸಿ ಹಾಕುವಾಗ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ಡನ್ನೇ ಹಾಕಿ, ಕತ್ತರಿಸಿದ ಅಂಚಿಗೆ ಎರಡು ಸಲ ಪೇಂಟ್ ಬಳಿಯಿರಿ, ಯಾಕೆಂದರೆ ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಅಂಗಡಿಯವರು ಕೊಡುವ ಎಂಆರ್ ಪ್ಲೈ ತೇವ ತಡೆದೀತು, ನಿಂತ ನೀರನ್ನಲ್ಲ.

ಚೌಕಟ್ಟಿನ ಅಡಿಗೆ 20 ಮಿ.ಮೀ ಅಗಲ, 3 ಮಿ.ಮೀ ದಪ್ಪದ ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ಅಂಟು ರಬ್ಬರಿನ ಪಟ್ಟಿ. ಸುತ್ತಲೂ ಒಂದೇ ತುಂಡು ಬರಬೇಕು. ಎರಡು ತುದಿ ಸೇರುವ ಜಾಗ ಇಳಿಜಾರಿನ ಕೆಳಭಾಗದಲ್ಲಿರಲಿ, ತುದಿಗಳನ್ನು ಹಿಟ್ಟು ನಾದಿದಂತೆ ಬೆರಳಿನಿಂದ ಒಂದಾಗಿಸಿ. ಹಳೆಯ ಸ್ಕ್ರೂ ತೂತು ಸಡಿಲವಾಗಿದ್ದರೆ ಮರದ ಕಡ್ಡಿಗೆ ವಾಟರ್‌ಪ್ರೂಫ್ ಗೋಂದು ಹಚ್ಚಿ ತುಂಬಿ, ಒಣಗಿದ ಮೇಲೆ ಹೊಸದಾಗಿ ಕೊರೆಯಬೇಕು. ಸ್ಟೇನ್‌ಲೆಸ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟೇಪ್ ಸುತ್ತಲೂ ಒಂದೇ ಸಮನೆ ಹೊರಚೆಲ್ಲಿದರೆ ನಿಲ್ಲಿಸಿ. ಮಾರನೆ ದಿನ ಟೇಪ್ ಕೂತಿರುತ್ತದೆ, ಆಗ ಇನ್ನೊಂದು ಕಾಲು ಸುತ್ತು. ಒಂದೇ ದಿನ ಜೋರಾಗಿ ಬಿಗಿದರೆ ಟೇಪೆಲ್ಲ ಹಿಂಡಿ ಹೊರಬಂದು ತಗಡಿಗೆ ತಗಡು ತಾಗುತ್ತದೆ.

ಹೆಚ್ಚಾದ ಟೇಪ್ ಕತ್ತರಿಸಿ, ಅಂಚಿಗೂ ಪ್ರತಿ ಸ್ಕ್ರೂ ತಲೆಗೂ ಬಿಸಿಲು ತಡೆಯುವ ಬಿಳಿ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕುತ್ತೇನೆ. ಗಾಳಿಕಿಂಡಿಗೆ 300 ಎಂ.ಎಲ್ ಟ್ಯೂಬಿನ ಅರ್ಧ ಸಾಕು. ಹೊತ್ತು ಬೆಳಿಗ್ಗೆ ಏಳರಿಂದ ಒಂಬತ್ತು. ಮಧ್ಯಾಹ್ನ ಕಾದ ತಗಡಿಗೆ ಹಾಕಿದರೆ ಮೇಲೆ ತೊಗಲು ಕಟ್ಟಿ ಒಳಗೆ ಗುಳ್ಳೆ ಏಳುತ್ತದೆ. ಬಿಸಿಲಿಗೆ ಬೇಗ ಒಣಗುತ್ತದೆ ಎನ್ನುವುದೂ ತಪ್ಪು: ಈ ಸೀಲೆಂಟ್ ಗಟ್ಟಿಯಾಗುವುದು ಗಾಳಿಯ ತೇವದಿಂದ, ನಮ್ಮ ಒಣಹವೆಯಲ್ಲಿ ಅದು ನಿಧಾನ. ನಾಲ್ಕು ದಿನ ಬಿಟ್ಟು ಮತ್ತೆ ನೀರು ಹಾಕಿ ನೋಡಿ. ಕಿಟಕಿಗೆ ಮಾತ್ರ ತಲೆ ಮತ್ತು ಎರಡು ಪಕ್ಕಕ್ಕೆ ಸೀಲೆಂಟ್ ಹಾಕಿ, ಕೆಳಗಿನ ಸಣ್ಣ ತೂತುಗಳನ್ನು ಬಿಡಬೇಕು. ಕಿಟಕಿಯ ಹಳಿಗೆ ಇಳಿದ ನೀರು ಹೊರಹೋಗಲು ಇಟ್ಟ ತೂತುಗಳವು. ಮುಚ್ಚಿದರೆ ನೀರು ಒಳಕ್ಕೆ ತುಳುಕುತ್ತದೆ.

ಎಲ್ಲ ಮುಗಿದರೂ ನೆಲ ಒದ್ದೆಯಾಗುತ್ತಿದ್ದರೆ ಚಾವಣಿಯನ್ನು ಬಿಟ್ಟು ಒಳಗೆ ನೋಡಿ. ನಮ್ಮಲ್ಲಿ ಮೊದಲ ಅನುಮಾನ ಏರ್ ಕೂಲರಿನ ಮೇಲೆ. ಹುಲ್ಲಿನ ಪ್ಯಾಡಿಗೆ ಬೋರಿನ ಉಪ್ಪು ಕಟ್ಟಿದಾಗ ನೀರು ತೊಟ್ಟಿಗೆ ಇಳಿಯದೆ ಪಕ್ಕಕ್ಕೆ ಹರಿಯುತ್ತದೆ. ಎರಡನೆಯದು 12 ವೋಲ್ಟ್ ಪಂಪಿನ ಲೈನ್. ನಲ್ಲಿಗಳನ್ನೆಲ್ಲ ಮುಚ್ಚಿ ಪಂಪ್ ಹಾಕಿದರೆ ಒತ್ತಡ ತುಂಬಿ ಅದು ತಾನೇ ನಿಲ್ಲಬೇಕು, ನಿಂತೇ ಇರಬೇಕು. ಐದ್ಹತ್ತು ನಿಮಿಷಕ್ಕೊಮ್ಮೆ ಗುರ್ ಎಂದು ಏಳುತ್ತಿದ್ದರೆ ಎಲ್ಲೋ ನೀರು ಹೋಗುತ್ತಿದೆ. ಪಂಪಿನಿಂದ ನೀರು ಹೊರಡುವ ಕಡೆ ಒಂದು ಬಾಲ್ ವಾಲ್ವ್ ಹಾಕಿಸಿಕೊಂಡು ಅದನ್ನು ಮುಚ್ಚಿ ನೋಡುತ್ತೇನೆ. ಮುಚ್ಚಿದಾಗಲೂ ಏಳುತ್ತಿದ್ದರೆ ಪಂಪಿನೊಳಗಿನ ವಾಲ್ವಿಗೆ ಉಪ್ಪು ಕೂತು ನೀರು ಟ್ಯಾಂಕಿಗೇ ವಾಪಸಾಗುತ್ತಿದೆ, ಬಿಚ್ಚಿ ವಿನೆಗರಿನಲ್ಲಿ ಒಂದು ರಾತ್ರಿ ನೆನೆಸಿದರೆ ಬಿಡುತ್ತದೆ. ಮುಚ್ಚಿದಾಗ ಸುಮ್ಮನಾದರೆ ಸೋರಿಕೆ ಮುಂದಿನ ಪೈಪಿನಲ್ಲಿದೆ. ಅಂಟು ಹಾಕಿ ಸೇರಿಸಿದ ಸಿಪಿವಿಸಿ ಜಾಯಿಂಟ್ ರಸ್ತೆಯ ಕುಲುಕಾಟಕ್ಕೆ ಮೊಳಕೈಯ ಹತ್ತಿರ ಸೀಳುತ್ತದೆ. ಅಂಥ ಜಾಗಕ್ಕೆ ಒಂದು ಅಡಿ ಬಾಗುವ ಹೋಸ್, ಎರಡೂ ತುದಿಗೆ ಸ್ಟೇನ್‌ಲೆಸ್ ಕ್ಲಿಪ್ ಹಾಕಿ, ಪ್ರತಿ ಒಂದೂವರೆ ಅಡಿಗೆ ಗೋಡೆಗೆ ಕಟ್ಟುತ್ತೇನೆ.