ಉಪ್ಪರಿಗೆಯ ಕೂಟಕ್ಕೆ ಮತ್ತೆ ಕಿವಿಗೊಟ್ಟ ಬಗೆ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯ ನಮ್ಮೂರಿನಲ್ಲಿ, ಅಡಿಕೆ ಗೋದಾಮಿನ ಮೇಲಿನ ಉಪ್ಪರಿಗೆಯಲ್ಲಿ ಶನಿವಾರ ರಾತ್ರಿ ತಾಳಮದ್ದಳೆ, ಅಂದರೆ ವೇಷ-ಕುಣಿತಗಳಿಲ್ಲದೆ ಕುಳಿತಲ್ಲಿಯೇ ಹಾಡು-ಮಾತುಗಳಲ್ಲಿ ನಡೆಸುವ ಯಕ್ಷಗಾನ ಕೂಟ, ನಡೆಯುತ್ತಿತ್ತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕನ್ನಡವನ್ನು ಶಾಲೆಗಳು ಎಷ್ಟು ಕಾಪಾಡಿದವೋ ಅಷ್ಟೇ ಆ ಉಪ್ಪರಿಗೆಯೂ ಕಾಪಾಡಿತೆಂದು ನಾನು ದೃಢವಾಗಿ ನಂಬಿದ್ದೇನೆ. ಕಟ್ಟಡ ಉರುಳಿದ ಮೇಲೆ ಅದರ ಚರಿತ್ರೆಯನ್ನು ಸಂಗ್ರಹಿಸಲು ಹೊರಟಾಗ, "ಇನ್ನು ಎಂತ ಸಿಕ್ಕುತ್ತದೆ ಮಾರಾಯರೇ?" ಎಂದವರೇ ಹೆಚ್ಚು.

ಮೊದಮೊದಲು ಹಿರಿಯ ಅರ್ಥಧಾರಿಗಳ (ಪದ್ಯದ ಬೆನ್ನಿಗೆ ಪಾತ್ರವಾಗಿ ಮಾತಾಡುವವರ) ಮನೆಗಳಿಗೆ ಹೋಗಿ ಮಾತಾಡಿಸಿದೆ. ಒಂದು ವರ್ಷದ ಓಡಾಟದಲ್ಲಿ ಪೆಟ್ರೋಲಿಗೇ ಹನ್ನೆರಡು ಸಾವಿರದಷ್ಟು ಖರ್ಚಾಯಿತು. ಆದರೆ ಪ್ರತಿಯೊಬ್ಬರೂ ತಾವು ಮೆರೆದ ಪಾತ್ರಗಳನ್ನಷ್ಟೇ ಹೇಳಿದರು; ಯಾರು ಯಾರಿಂದ ಕಲಿತರು, ಮದ್ದಳೆಗೆ ಚರ್ಮದ ಮುಚ್ಚಿಗೆ ಹಾಕಿಸುವ ಹಣ ಎಲ್ಲಿಂದ ಬರುತ್ತಿತ್ತು ಎಂಬುದು ಒಬ್ಬರ ಬಾಯಿಯಿಂದಲೂ ಹೊರಡಲಿಲ್ಲ.

ದಾರಿ ತೆರೆದದ್ದು ಒಂದು ತಗಡಿನ ಪೆಟ್ಟಿಗೆಯಲ್ಲಿದ್ದ, ಆ ಕೂಟಗಳನ್ನು ಮುದ್ರಿಸಿದ್ದ ಅರುವತ್ತರಷ್ಟು ಕ್ಯಾಸೆಟ್ಟುಗಳಿಂದ. ಪೇಟೆಯ ಸ್ಟುಡಿಯೋ ಒಂದು, ಒಂದಕ್ಕೆ ಇನ್ನೂರೈವತ್ತರಂತೆ ಮುಂಗಡ ಪಡೆದು, ಬೂಸಲು ಹಿಡಿದಿದೆಯೆಂದು ಅರ್ಧವನ್ನು ಹಾಗೆಯೇ ಹಿಂದಿರುಗಿಸಿತು. ಆಮೇಲೆ ಆರು ಸಾವಿರಕ್ಕೆ ಹಳೆಯ ಕ್ಯಾಸೆಟ್ ಡೆಕ್ ಕೊಂಡು ನಾನೇ ಕುಳಿತೆ. ತೇವ ತೆಗೆಯಲು ಹುರಿದ ಅಕ್ಕಿಯ ಡಬ್ಬಿಯಲ್ಲಿಟ್ಟು ನೋಡಿದೆ. ಸಿಲಿಕಾ ಜೆಲ್‌ನಷ್ಟು ಅದು ತೇವ ಹೀರದು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಪಟ್ಟಿ ಬಿದ್ದುಹೋದ ಕ್ಯಾಸೆಟ್ಟುಗಳ ಸುರುಳಿಗಳನ್ನು ಸ್ಕ್ರೂ ಇರುವ ಹೊಸ ಕವಚಕ್ಕೆ ದಾಟಿಸಿದೆ. ಚಕ್ರತಾಳದ ನಾದ ಸ್ಫುಟವಾಗುವವರೆಗೆ ಟೇಪಿನಿಂದ ಧ್ವನಿ ಓದುವ ಆ ಹೆಡ್ಡಿನ ಓರೆಯನ್ನು ತಿದ್ದಿದೆ. ಎಲ್ಲಕ್ಕಿಂತ ಕಷ್ಟವಾದದ್ದು ವೇಗ. ಅಂದು ಸೆಲ್ಲು ಹಾಕಿ ಮುದ್ರಿಸುತ್ತಿದ್ದರು; ಬೆಳಗಿನ ಜಾವಕ್ಕೆ ಸೆಲ್ಲು ಸೋತು ಟೇಪು ನಿಧಾನವಾಗಿ ಓಡಿದ್ದರಿಂದ, ಈಗ ಹಾಕಿದರೆ ಪದ್ಯ ಹಾಡುವ ಭಾಗವತರ ಶ್ರುತಿ ಏರುತ್ತಲೇ ಹೋಗುತ್ತದೆ. ಅವರು ಹಾಡುತ್ತಿದ್ದುದು ಹಾರ್ಮೋನಿಯಂನ ಕಪ್ಪು ಎರಡನೆಯ ಮನೆಯ ಶ್ರುತಿಯಲ್ಲಿ. ಆ ಹಾರ್ಮೋನಿಯಂ ಇಂದಿಗೂ ಇರುವುದರಿಂದ, ಅದಕ್ಕೆ ಹೊಂದಿಸುತ್ತ ತುಂಡುತುಂಡಾಗಿ ಕಂಪ್ಯೂಟರಿನಲ್ಲಿ ಸರಿಪಡಿಸಿದೆ. ಸ್ಟುಡಿಯೋದವರು ಕೈಬಿಟ್ಟವುಗಳಲ್ಲಿಯೂ ಮುಕ್ಕಾಲು ಪಾಲು ಹಾಡಿದವು.

ಆಮೇಲೆ ಉಳಿದಿದ್ದ ಹಿರಿಯರನ್ನೆಲ್ಲ ನಮ್ಮ ಚಾವಡಿಗೆ ಕರೆದು, ಹಿಂದೆ ಕೂರುತ್ತಿದ್ದ ಕ್ರಮದಲ್ಲಿಯೇ ಎದುರುಬದುರಾಗಿ ಕೂರಿಸಿದೆ. ಪದ್ಯವನ್ನು ಮಾತ್ರ ಕೇಳಿಸಿ, ಅರ್ಥ ಆರಂಭವಾಗುವಲ್ಲಿ ನಿಲ್ಲಿಸಿದೆ. ಪಾರ್ತಿಸುಬ್ಬನ 'ಪಂಚವಟಿ'ಯ ಪದ್ಯ ನಿಂತ ಕೂಡಲೇ ಎಂಬತ್ತು ದಾಟಿದ ಒಬ್ಬರು ಅರ್ಥ ಹೇಳತೊಡಗಿದರು. ಎದುರಿನವರು ತಡೆದು, "ಅಂದು ಆ ಪಾತ್ರ ನಿಮ್ಮದಲ್ಲ ಮಾವ, ನಮ್ಮ ಅಣ್ಣನದ್ದು" ಎಂದರು. ಅಲ್ಲಿಂದ ಮಾತು ಹರಿಯಿತು. ಅಡಿಕೆ ಸುಲಿಯಲು ಬರುತ್ತಿದ್ದ ಇಬ್ಬರು ಹುಡುಗರು ಕೇಳಿ ಕೇಳಿ ಮದ್ದಳೆಗಾರರಾದದ್ದು, ಚೆಂಡೆಯ ಖರ್ಚಿಗೆ ಪ್ರತಿ ಮನೆಯವರು ಇಷ್ಟಿಷ್ಟು ಅಡಿಕೆ ಕೊಡುತ್ತಿದ್ದದ್ದು, ಎಲ್ಲವೂ ಅಂದೇ ತಿಳಿಯಿತು. ಯಾವ ಪದ್ಯದಿಂದ ಆರಂಭಿಸಬೇಕು, ಯಾರನ್ನು ಯಾರ ಎದುರು ಕೂರಿಸಬೇಕು ಎಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಊಟೋಪಚಾರವೂ ಸೇರಿ ಒಟ್ಟು ಖರ್ಚು ನಲುವತ್ತು ಸಾವಿರದೊಳಗೆ ಮುಗಿಯಿತು.

ನಮ್ಮ ಈ ಕುಂಬಳೆ ಸೀಮೆಯಲ್ಲಿ ಇಂಥ ಕ್ಯಾಸೆಟ್ಟುಗಳು ಯಾರಲ್ಲಿದ್ದರೂ ಮಳೆಗಾಲಕ್ಕೆ ಮೊದಲು ತಂದುಕೊಡಲಿ, ಪ್ರತಿ ಮಾಡಿ ಹಿಂದಿರುಗಿಸುತ್ತೇನೆ. ಹಣ ಬೇಡ, ಹಾಡಿದವರ ಗುರುತು ಹಿಡಿಯಬಲ್ಲ ಹಿರಿಯರೊಬ್ಬರು ಜೊತೆಯಲ್ಲಿ ಬರಬೇಕು.